ಲೈನ್‌ಮನೆ ಮಗುವಿನ ಪಾದ ಒತ್ತಿ ನೋಡಿ

ಸಂಪಾದಕರಿಗೆ,

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಈ ಹೊತ್ತಿನಲ್ಲಿ ಮಕ್ಕಳ ವೈದ್ಯೆ ಡಾ. ಸಿಸಿಲಿ ವಿಲಿಯಮ್ಸ್ ಅವರನ್ನು, ತೋಟ ಕಾರ್ಮಿಕರ ಸಾಲುಮನೆಗಳಿರುವ (ಲೈನ್‌ಮನೆ) ಕೊಡಗು ನೆನೆಯಬೇಕು. ಬ್ಲೂ ಮೌಂಟನ್ ಕಾಫಿಯಿಂದ ನಮ್ಮ ಬೆಳೆಗಾರರಿಗೂ ಹೆಸರು ಗೊತ್ತಿರುವ ಜಮೈಕಾ ದ್ವೀಪದಲ್ಲಿ 1893ರಲ್ಲಿ ಹುಟ್ಟಿದವರು. ಹತ್ತೊಂಬತ್ತಕ್ಕೇ ಆಕ್ಸ್‌ಫರ್ಡ್‌ನಲ್ಲಿ ಸೀಟು ಸಿಕ್ಕಿತ್ತು. ಆದರೆ ಭೂಕಂಪ, ಚಂಡಮಾರುತಗಳಿಂದ ನಲುಗಿದ್ದ ದ್ವೀಪದಲ್ಲಿ ಅಪ್ಪ ಅಮ್ಮನಿಗೆ ಆಸರೆಯಾಗಲು ಅದನ್ನು ಬಿಟ್ಟರು. ತಂದೆ ತೀರಿಕೊಂಡ ನಂತರ, 23ನೇ ವಯಸ್ಸಿನಲ್ಲಿ ಓದಲು ಹೊರಟರು.

1929ರಲ್ಲಿ ಅವರನ್ನು ಇಂದಿನ ಘಾನಾಕ್ಕೆ ನೇಮಿಸಲಾಯಿತು. ಅಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಕಾಲು ಊದಿ, ಕೂದಲು ಕೆಂಚಾಗಿ, ಚರ್ಮ ಸುಲಿದು ಸಾಯುತ್ತಿದ್ದರು. ಉಳಿದ ವೈದ್ಯರು ಇದನ್ನು ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರ ಎಂದರು. ಇವರು ತಾಯಂದಿರನ್ನೇ ವಿಚಾರಿಸಿದರು. ಮನೆಗೆ ಇನ್ನೊಂದು ಕೂಸು ಬಂದಾಗ ದೊಡ್ಡದಕ್ಕೆ ಬರುವ ಕಾಯಿಲೆ ಇದು ಎಂದರು ಆ ತಾಯಂದಿರು. ಎದೆಹಾಲು ತಪ್ಪಿದ ಮಗುವಿಗೆ ಬರೀ ಮೆಕ್ಕೆಜೋಳದ ಗಂಜಿ ಸಿಗುತ್ತಿತ್ತು. ಇದನ್ನೇ ಆಧರಿಸಿ 1933ರಲ್ಲಿ ಅವರು ಬರೆದ ವರದಿಯಿಂದ ಕ್ವಾಶಿಯೋರ್ಕರ್ ಎಂಬ ಈ ಅಪೌಷ್ಟಿಕತೆಯ ಕಾಯಿಲೆ ವೈದ್ಯಲೋಕದ ಗಮನಕ್ಕೆ ಬಂತು. ಪ್ರೋಟೀನ್ ಕೊರತೆಯೊಂದೇ ಕಾರಣವಲ್ಲ, ಸೋಂಕುಗಳ ಪಾಲೂ ಇದೆ ಎಂಬುದು ಈಗಿನ ತಿಳಿವಳಿಕೆ. ಆದರೂ ಯಾವ ಮಗುವನ್ನು ಮೊದಲು ನೋಡಬೇಕು ಎಂದು ಆಕೆ ತೋರಿಸಿದ್ದು ಇಂದಿಗೂ ಸರಿ: ಕೊನೆಯದಲ್ಲ, ಅದರ ಹಿಂದಿನದು.

ನೋಡುವ ಕ್ರಮ ಹೀಗೆ. ಮಗುವನ್ನು ತಾಯಿಯ ತೊಡೆ ಮೇಲೆ ಕೂರಿಸಿ, ಎರಡೂ ಪಾದದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡ್ ಅದುಮಿ ಬಿಡಿ. ಎರಡರಲ್ಲೂ ಕುಳಿ ಬಿದ್ದು ಹಾಗೇ ಉಳಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಅಪೌಷ್ಟಿಕತೆಯ ಬಾವಾದರೆ, ತೂಕ ಎಷ್ಟೇ ಇರಲಿ, ಅದು ತೀವ್ರ ಹಂತ. ಎಡವುವುದು ತೂಕದಲ್ಲೇ. ಮೈಯಲ್ಲಿ ನಿಂತ ನೀರೇ ತೂಕ ಹೆಚ್ಚಿಸುವುದರಿಂದ ಅಂಗನವಾಡಿಯ ಚಾರ್ಟಿನಲ್ಲಿ ಮಗು ಸರಿಯಾಗಿಯೇ ಕಾಣುತ್ತದೆ. ಕೆನ್ನೆ ಉಬ್ಬಿದ್ದನ್ನು ನೋಡಿ ಮನೆಯವರೂ ದಪ್ಪಗಾಯಿತು ಅಂದುಕೊಳ್ಳುತ್ತಾರೆ. ಬಾವಿಲ್ಲದಿದ್ದರೆ ತೋಳಿನ ಪಟ್ಟಿ ಸುತ್ತಿ: 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಅದು ತೀವ್ರ ಅಪೌಷ್ಟಿಕತೆಯೇ.

ಇಂಥ ಮಗುವಿಗೆ ಮನೆಯಲ್ಲೇ ಮೊಟ್ಟೆ, ಮಾಂಸ ತುರುಕಬೇಡಿ. ಬಾವು ಇಳಿಸಲು ಮೂತ್ರ ಹೋಗುವ ಮಾತ್ರೆಯನ್ನಂತೂ ಕೊಡಲೇಬಾರದು. ಸೊರಗಿದ ದೇಹ ಒಮ್ಮೆಲೇ ಬರುವ ಆಹಾರವನ್ನು ತಾಳುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ತೆಳುವಾದ ವಿಶೇಷ ಹಾಲನ್ನು ಸ್ವಲ್ಪ ಸ್ವಲ್ಪವೇ ಕುಡಿಸುತ್ತಾರೆ. ಹೋಗುವ ದಾರಿಯಲ್ಲಿ ಮಗುವನ್ನು ಬೆಚ್ಚಗೆ ಹೊದಿಸಿ. ಈ ಮಳೆಯಲ್ಲಿ ಮೈ ತಣ್ಣಗಾದರೆ, ರಕ್ತದ ಸಕ್ಕರೆ ಇಳಿದರೆ ಜೀವಕ್ಕೇ ಅಪಾಯ.

ಅಲ್ಲಿಗೆ ಮುಟ್ಟದಂತೆ ನೋಡಿಕೊಳ್ಳುವುದು ಅಡುಗೆಮನೆಯ ಕೆಲಸ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಎರಡು ಮೂರು ಚಮಚ ಮೆತ್ತನೆಯ ಊಟದಿಂದ ಶುರು ಮಾಡಿ. ಒಂಬತ್ತು ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಸಲ ಅರ್ಧ ಬಟ್ಟಲು, ವರ್ಷ ಕಳೆದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಊಟ ಚಮಚದಿಂದ ಜಾರಿ ಹೋಗದಷ್ಟು ಗಟ್ಟಿ ಇರಬೇಕು. ಬೇಳೆಯ ತಿಳಿ, ಗಂಜಿ ತಿಳಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಹೊಟ್ಟೆ ತುಂಬಿಸುತ್ತವೆ, ಮೈಗೆ ಹತ್ತುವುದಿಲ್ಲ. ಬೇಳೆಯನ್ನೇ ಹಿಸುಕಿ ಒಂದು ಚಮಚ ಎಣ್ಣೆ ಹಾಕಿ. ಮುಳ್ಳು ತೆಗೆದ ಮತ್ತಿ ಮೀನು, ಮೊಟ್ಟೆ ನಮ್ಮ ಸಂತೆಯಲ್ಲೇ ಸಿಗುತ್ತವೆ.

ಇನ್ನು ಬಾಟಲಿ. 1939ರಲ್ಲಿ ಸಿಂಗಪುರದಲ್ಲಿ ಡಾ. ವಿಲಿಯಮ್ಸ್, ಡಬ್ಬಿ ಹಾಲಿನ ಪ್ರಚಾರದಿಂದಾಗುವ ಶಿಶುಮರಣವನ್ನು ಕೊಲೆ ಎಂದೇ ಪರಿಗಣಿಸಬೇಕೆಂದು ಸಭೆಯಲ್ಲೇ ಹೇಳಿದರು. ನಮ್ಮಲ್ಲಿ 1992ರ ಕಾಯ್ದೆ ಹಾಲಿನ ಪುಡಿ ಮತ್ತು ಬಾಟಲಿಯ ಜಾಹೀರಾತನ್ನು ನಿಷೇಧಿಸಿದೆ. ಆದರೂ ಕಾಫಿ ಕುಯ್ಲು ಶುರುವಾದರೆ ಬಾಟಲಿ ಲೈನ್‌ಮನೆಗೆ ಬರುತ್ತದೆ. ಪುಡಿ ಉಳಿಸಲು ನೀರು ಹೆಚ್ಚು ಬೆರೆಸುತ್ತಾರೆ, ನಿಪ್ಪಲಿನ ಒಳಗೆ ಹಾಲು ಕಟ್ಟಿ ಹುಳಿಯುತ್ತದೆ, ಮಗುವಿಗೆ ಭೇದಿ ಹಿಡಿಯುತ್ತದೆ. ಇದರ ಬದಲು ತಾಯಿ ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಟ್ಟು ಹೋಗಬಹುದು. ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಕಾಯಿಸಬಾರದು. ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ, ಉಳಿದದ್ದನ್ನು ಚೆಲ್ಲಬೇಕು.

ಯುದ್ಧಕಾಲದಲ್ಲಿ ಜಪಾನಿಯರ ಸೆರೆಯಲ್ಲಿ, ಸಿಂಗಪುರದ ಚಾಂಗಿ ಜೈಲಿನಲ್ಲಿದ್ದಾಗಲೂ ಡಾ. ವಿಲಿಯಮ್ಸ್ ಎದೆಹಾಲನ್ನೇ ನಂಬಿದರು. ಅಲ್ಲಿ ಹುಟ್ಟಿದ 20 ಶಿಶುಗಳೂ ಅದನ್ನೇ ಕುಡಿದು ಬದುಕಿದವು. ಡಾ. ವಿಲಿಯಮ್ಸ್ ಅವರ ಕಾಲುಗಳು ಮಾತ್ರ ಜೀವಸತ್ವದ ಕೊರತೆಯ ಬೆರಿಬೆರಿ ಕಾಯಿಲೆಯಿಂದ ಜೋಮು ಹಿಡಿದವು, ಮತ್ತೆ ಸರಿಹೋಗಲೇ ಇಲ್ಲ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಗು ವಿಭಾಗದ ಮೊದಲ ಮುಖ್ಯಸ್ಥೆಯಾದರು. 1951ರಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ವಾಂತಿ ಕಾಯಿಲೆಯ ಮೂಲ ಹುಡುಕಲು ಜಮೈಕಾಕ್ಕೆ ಮರಳಿದರು. ತೀರಿಕೊಂಡದ್ದು 1992ರಲ್ಲಿ.

ತೋಟದ ಮಾಲೀಕರಲ್ಲಿ ಒಂದು ಬೇಡಿಕೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸುವ ಬಿಡುವನ್ನು ಹೆರಿಗೆ ಸೌಲಭ್ಯದ ಕಾನೂನೇ ಕೊಟ್ಟಿದೆ. ಅಸ್ಸಾಂ, ಜಾರ್ಖಂಡ್‌ನಿಂದ ಬಂದ ತಾಯಂದಿರಿಗೆ ಇದು ತಿಳಿಯದಿರಬಹುದು, ಮೇಸ್ತ್ರಿಗೆ ತಿಳಿದಿರಲಿ. ಕುಯ್ಲಿಗೆ ಮೊದಲೇ ಲೈನಿನ ಹತ್ತಿರ ಸೋರದ ಒಂದು ಕೋಣೆ, ಕುದಿಸಿದ ನೀರು, ಮಕ್ಕಳನ್ನು ನೋಡಿಕೊಳ್ಳಲು ಕೂಲಿ ಕೊಟ್ಟು ಒಬ್ಬ ಹಿರಿಯ ಹೆಂಗಸು, ಇಷ್ಟನ್ನು ಏರ್ಪಾಡು ಮಾಡಿಕೊಡಿ.

– ಮಕ್ಕಳ ಆರೋಗ್ಯ ಕಾರ್ಯಕರ್ತೆಯರು, ಸಿದ್ದಾಪುರ, ಕೊಡಗು