ಈ ನಾಣ್ಯ ಇಷ್ಟು ವರ್ಷ ಎಲ್ಲಿತ್ತು?

ಸಂಪಾದಕರಿಗೆ ನಮಸ್ಕಾರ.

'ಈ ನಾಣ್ಯ ನಿಮ್ಮ ಮನೆಯಲ್ಲಿದ್ದರೆ ನೀವೇ ಲಕ್ಷಾಧಿಪತಿ' ಅನ್ನುವ ಸುದ್ದಿ ಮೊಬೈಲಿನಲ್ಲಿ ಬರುತ್ತಲೇ ಇರುತ್ತದೆ, ಒಮ್ಮೊಮ್ಮೆ ಪತ್ರಿಕೆಗಳಲ್ಲೂ ಬರುತ್ತದೆ. ನಾನು ಇಪ್ಪತ್ತೈದು ವರ್ಷದಿಂದ ನಾಣ್ಯ ಕೂಡಿಡುತ್ತಿದ್ದೇನೆ. ಇಂಥ ಸುದ್ದಿ ಬಂದ ಮರುದಿನ ನೆಂಟರೋ ಪಕ್ಕದ ಬೀದಿಯವರೋ ವೈಷ್ಣೋದೇವಿ ಚಿತ್ರದ 5 ರೂಪಾಯಿ ಹಿಡಿದು ಮನೆಗೆ ಬರುತ್ತಾರೆ. ಲಕ್ಷ ಸಿಗಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ, ನನಗೂ ಬೇಜಾರಾಗುತ್ತದೆ. ಕೆಲವರು ಮಾರಿಕೊಡುತ್ತೇವೆ ಎಂದವರಿಗೆ ಮೊದಲೇ ದುಡ್ಡು ಕಟ್ಟಿ ಕಳೆದುಕೊಂಡಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ತೋರಿಸಿ ಹಳೆ ನೋಟು-ನಾಣ್ಯದ ವ್ಯವಹಾರಕ್ಕೆ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಹಾಗಾದರೆ ನಿಜವಾಗಿ ಕೋಟಿಗೆ ಹೋಗುವ ನಾಣ್ಯದಲ್ಲಿ ಏನಿರುತ್ತದೆ? ಅಪರೂಪದ್ದಾಗಿರಬೇಕು, ಅದು ಸರಿ. ಆದರೆ ಹರಾಜಿಗೆ ಬಂದು ಕೂತವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ, ನಮ್ಮ ಸುದ್ದಿಗಳಲ್ಲಿ ಅದು ಬರುವುದೇ ಇಲ್ಲ. ಈ ನಾಣ್ಯ ಇಷ್ಟು ವರ್ಷ ಎಲ್ಲಿತ್ತು? ನೂರು ವರ್ಷ ಹಳೆಯ ನಾಣ್ಯವೂ ಮಾರುಕಟ್ಟೆಗೆ 'ಹೊಸದು' ಆಗಿರಬಹುದು. ಮೂವತ್ತು-ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ, ಯಾವ ಕ್ಯಾಟಲಾಗಿನಲ್ಲೂ ಕಾಣಿಸದೆ ಒಂದೇ ಮನೆಯಲ್ಲಿದ್ದು ಈಗ ಹೊರಬಂತು ಎಂದರೆ, ಅದು ಗೊತ್ತಿರುವವರ ಎದೆ ಹೊಡೆದುಕೊಳ್ಳುತ್ತದೆ.

ಅಮೆರಿಕದ ಒಂದು ಕಥೆ ಹೇಳಲೇಬೇಕು. ಅಲ್ಲಿನ ಐದು ಸೆಂಟಿನ ನಾಣ್ಯದಲ್ಲಿ ಮೊದಲು ಲಿಬರ್ಟಿ ದೇವಿಯ ತಲೆ ಇರುತ್ತಿತ್ತು. 1912ಕ್ಕೆ ಆ ಅಚ್ಚು ನಿಂತಿತು, 1913ರಿಂದ ಕಾಡೆಮ್ಮೆ ಚಿತ್ರದ ನಾಣ್ಯ ಬಂತು. ಆದರೂ 1913 ಎಂದು ಇಸವಿ ಇರುವ ಲಿಬರ್ಟಿ ನಾಣ್ಯ ಐದೇ ಐದು ಇವೆ, ಅವು ಹೇಗೆ ಹುಟ್ಟಿದವು ಎಂಬುದಕ್ಕೆ ಟಂಕಸಾಲೆಯ ಲೆಕ್ಕದಲ್ಲಿ ಉತ್ತರ ಇಲ್ಲ. ಅದರಲ್ಲಿ ಒಂದನ್ನು ಜಾರ್ಜ್ ವಾಲ್ಟನ್ ಎಂಬ ಸಂಗ್ರಾಹಕ ಕೊಂಡಿದ್ದ. 1962ರ ಮಾರ್ಚ್‌ನಲ್ಲಿ ನಾಣ್ಯ ಪ್ರದರ್ಶನಕ್ಕೆ ಹೋಗುವಾಗ ಕಾರು ಅಪಘಾತದಲ್ಲಿ ಆತ ತೀರಿಕೊಂಡ. ಉಳಿದ ಸಂಗ್ರಹವೆಲ್ಲ ಹರಾಜಾಯಿತು, ಈ ಒಂದು ನಾಣ್ಯ ಮಾತ್ರ 'ಇಸವಿ ತಿದ್ದಿದ್ದಾರೆ, ನಕಲಿ' ಎಂಬ ಮಾತಿನೊಂದಿಗೆ ಮನೆಯವರ ಕೈಗೆ ವಾಪಸ್ ಬಂತು. ಅವನ ಸಹೋದರಿ ಅದನ್ನು ಎಸೆಯಲಿಲ್ಲ. ವರ್ಜೀನಿಯಾದ ಮನೆಯಲ್ಲಿ ಬಟ್ಟೆ ಬೀರುವಿನೊಳಗೆ ಒಂದು ಲಕೋಟೆಯಲ್ಲಿ ಅದು ದಶಕಗಟ್ಟಲೆ ಕೂತಿತ್ತು.

2003ರಲ್ಲಿ ಬಾಲ್ಟಿಮೋರ್‌ನ ನಾಣ್ಯ ಸಮ್ಮೇಳನದಲ್ಲಿ ಉಳಿದ ನಾಲ್ಕನ್ನೂ ಒಟ್ಟಿಗೆ ಇಟ್ಟರು. ಐದನೆಯದನ್ನು ತಂದುಕೊಟ್ಟರೆ ಹತ್ತು ಲಕ್ಷ ಡಾಲರ್ ಎಂದು ಒಂದು ಕಂಪನಿ ಸಾರಿತ್ತು. ವಾಲ್ಟನ್ ಮನೆಯವರು ಆ 'ನಕಲಿ'ಯನ್ನು ಹಿಡಿದು ಬಂದರು. ಆರು ಜನ ಪರಿಣಿತರು ರಾತ್ರಿ ಕೂತು ನಾಲ್ಕರ ಪಕ್ಕ ಇಟ್ಟು ನೋಡಿ, ಇದು ಅಸಲಿಯೇ ಎಂದರು. 2013ರ ಏಪ್ರಿಲ್‌ನಲ್ಲಿ ಅದು 31,72,500 ಡಾಲರ್‌ಗೆ ಮಾರಾಟವಾಯಿತು. ನೆನಪಿಡಿ, ಐದರಲ್ಲಿ ಇದು ಅತ್ಯುತ್ತಮ ಸ್ಥಿತಿಯದ್ದಲ್ಲ. ಎಲ್ಲಕ್ಕಿಂತ ಚೆನ್ನಾಗಿರುವುದು ಬಾಲ್ಟಿಮೋರ್‌ನ ಲೂಯಿ ಎಲಿಯಾಸ್‌ಬರ್ಗ್ ಅವರ ಬಳಿ ಇದ್ದದ್ದು. ಅದು 1996ರಲ್ಲಿ 14,85,000 ಡಾಲರ್‌ಗೆ ಹೋಗಿ, ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿದ ಮೊದಲ ನಾಣ್ಯವಾಯಿತು. ಅದರ ಹಿಂದೆಯೂ ಇದ್ದದ್ದು ಇದೇ, ಒಂದೇ ಮನೆಯಲ್ಲಿ ದಶಕಗಳ ಕಾಲ ಭದ್ರವಾಗಿ ಉಳಿದಿತ್ತು.

ಯಾಕೆ ಹೀಗೆ ಎಂದು ಯೋಚಿಸಿದರೆ ಅರ್ಥವಾಗುತ್ತದೆ. ಒಂದೇ ನಾಣ್ಯ ಐದು ವರ್ಷದಲ್ಲಿ ಮೂರು ಸಲ ಹರಾಜಿಗೆ ಬಂತು ಅಂದುಕೊಳ್ಳಿ. ಹೋದ ಸಲದ ಫೋಟೋ, ಬೆಲೆ ಎಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಕೊಳ್ಳುವವನಿಗೆ ಮಾರುವವನು ಎಷ್ಟು ಕೊಟ್ಟಿದ್ದ ಅಂತಲೂ ಗೊತ್ತು. ಇವನು ಇದನ್ನು ಯಾಕೆ ಬಿಡುತ್ತಿದ್ದಾನೆ, ಏನೋ ದೋಷ ಇರಬೇಕು ಅಲ್ವಾ ಎಂಬ ಅನುಮಾನ ಬಂದರೆ ಮುಗಿಯಿತು, ಬೆಲೆ ಏಳುವುದಿಲ್ಲ. ಯಾರೂ ನೋಡದ ನಾಣ್ಯಕ್ಕೆ ಆ ಭಾರ ಇಲ್ಲ. ಪರಿಣಿತರು ಸ್ಥಿತಿ ನೋಡಿ ಅಂಕ, ಅಂದರೆ ಗ್ರೇಡ್, ಕೊಟ್ಟು ಅದನ್ನು ಇನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಲ್ಲವಾದರೆ, ಒಳ್ಳೆ ಗ್ರೇಡ್ ಸಿಗಬಹುದು ಎಂಬ ಆಸೆ ಇನ್ನೂ ಜಾಸ್ತಿ. ಕೆಲವು ಡೀಲರ್‌ಗಳು ಇದನ್ನು ಗೊತ್ತಿಟ್ಟುಕೊಂಡೇ ಹಳೆ ಡಬ್ಬಿ ಒಡೆದು, ಇನ್ನೊಂದು ಗ್ರೇಡ್ ಪಡೆದು 'ಈಗಷ್ಟೇ ಹೊರಬಂದದ್ದು' ಎಂದು ಮಾರುತ್ತಾರೆ. ನನ್ನ ಪ್ರಕಾರ ಇದು ತಪ್ಪು, ಶುದ್ಧ ತಪ್ಪು.

ಒಂದೇ ಸಲ ರಾಶಿ ಬಂದರೆ ಕಥೆ ಉಲ್ಟಾ. ಅಮೆರಿಕದ ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಬೆಳ್ಳಿ ಡಾಲರ್ ಬಳಸದ ಸ್ಥಿತಿಯಲ್ಲಿ ಸಿಗುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು, ಬೆಲೆಪಟ್ಟಿಯಲ್ಲಿ 1,500 ಡಾಲರ್ ಇತ್ತು. 1962ರ ಕೊನೆಗೆ ಸರ್ಕಾರದ ಖಜಾನೆಯಿಂದ ಅವುಗಳ ಚೀಲ ಚೀಲವೇ ಹೊರಬಂದು ಬೆಲೆ ನೆಲಕಚ್ಚಿತು.

ಇನ್ನು ನಾಣ್ಯದ ಮೈ. ಬಹಳ ಕಾಲ ಕಾಗದದಲ್ಲೋ ಬಟ್ಟೆಯಲ್ಲೋ ಸುಮ್ನೆ ಇದ್ದ ಬೆಳ್ಳಿ ನಿಧಾನವಾಗಿ ಬೂದು, ನೀಲಿ, ಕೆಲವೊಮ್ಮೆ ಹೊನ್ನಿನ ಬಣ್ಣ ತಾಳುತ್ತದೆ. ಇದಕ್ಕೆ ಸಂಗ್ರಾಹಕರು ಟೋನಿಂಗ್ ಎನ್ನುತ್ತಾರೆ. ಈ ನಾಣ್ಯವನ್ನು ಯಾರೂ ಉಜ್ಜಿಲ್ಲ, ಇದು ಇದ್ದಲ್ಲೇ ಇತ್ತು ಎಂದು ಹೇಳುವ ಸಾಕ್ಷಿ ಅದೇ.

ನಮ್ಮ ಮನೆಯಲ್ಲಿ ಆ ಸಾಕ್ಷಿಯನ್ನು ಅಳಿಸಿದ್ದು ನಾನೇ. ಅಜ್ಜಿಯ ಟ್ರಂಕಿನಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ರಾಣಿ ವಿಕ್ಟೋರಿಯಾ ಮತ್ತು ಐದನೇ ಜಾರ್ಜ್ ತಲೆಯ ಹನ್ನೊಂದು ಬೆಳ್ಳಿ ರೂಪಾಯಿ ಇದ್ದವು. ದೀಪಾವಳಿಯ ಲಕ್ಷ್ಮೀಪೂಜೆಗೆ ಫಳಫಳ ಹೊಳೆಯಲಿ ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಆಗ ನನಗೆ ಹದಿನಾಲ್ಕು ವರ್ಷ. ಚೀಲದಲ್ಲಿ ಅಜ್ಜ ಬರೆದಿಟ್ಟ ಚೀಟಿಯೊಂದಿತ್ತು, ಹರಿದಿದೆ ಎಂದು ಒಲೆಗೆ ಹಾಕಿದೆ. ಎಷ್ಟೋ ವರ್ಷದ ಮೇಲೆ ಒಬ್ಬ ಡೀಲರ್‌ಗೆ ತೋರಿಸಿದಾಗ ಅವರು ಲೆನ್ಸ್ ಇಟ್ಟು ನೋಡಿ, ಗೀರುಗಳನ್ನು ತೋರಿಸಿ, 'ಇವಕ್ಕೆ ಬೆಳ್ಳಿ ತೂಕದ ಬೆಲೆ ಅಷ್ಟೆ ಸ್ವಾಮಿ' ಎಂದರು. ಅವು ಅಪರೂಪದ ನಾಣ್ಯಗಳೇನೂ ಅಲ್ಲ, ಲಕ್ಷ ತರುತ್ತಿರಲಿಲ್ಲ. ಆದರೂ ಆ ಚೀಟಿ ಇದ್ದಿದ್ದರೆ ಅವನ್ನು ಅಜ್ಜನಿಗೆ ಯಾವ ವರ್ಷ, ಯಾರು, ಯಾವ ಲೆಕ್ಕಕ್ಕೆ ಕೊಟ್ಟರು ಎಂಬುದಾದರೂ ನಮಗೆ ಉಳಿಯುತ್ತಿತ್ತು.

ಅದಕ್ಕೇ ಸಂಪಾದಕರಲ್ಲಿ ಒಂದು ವಿನಂತಿ. ಲಕ್ಷದ ಆಸೆ ಹುಟ್ಟಿಸುವ ಸುದ್ದಿಯ ಬದಲು, ದೀಪಾವಳಿಗೆ ಹದಿನೈದು ದಿನ ಮುಂಚೆ ಓದುಗರಿಗೆ ನಾಲ್ಕು ಸಾಲು ಹಾಕಿ. ಹಳೆ ನಾಣ್ಯಕ್ಕೆ ಹುಣಸೆಹಣ್ಣು, ಪಾಲಿಶ್ ಪುಡಿ ಮುಟ್ಟಿಸಬೇಡಿ. ಅಂಚು ಹಿಡಿದು ಎತ್ತಿ, ಮೈ ಮೇಲೆ ಬೆರಳಿಡಬೇಡಿ. ಚೀಲ, ಡಬ್ಬಿ, ಚೀಟಿ ಎಲ್ಲ ಹಾಗೇ ಇರಲಿ. ಮನೆಯ ಹಿರಿಯರು ಇರುವಾಗಲೇ ಇದು ಯಾರದು, ಎಲ್ಲಿಂದ ಬಂತು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಹೊಲ ಉಳುವಾಗ ಸಿಕ್ಕ ನಿಧಿಯ ವಿಷಯ ಬೇರೆ, ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಕಾನೂನಿದೆ. ಟ್ರಂಕಿನಲ್ಲಿರುವುದರ ಬಗ್ಗೆ ನಾನು ಹೇಳುತ್ತಿರುವುದು. ಮಾರುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಹಬ್ಬಕ್ಕೆ ಮುಂಚೆ ಈ ಮಾತು ಅವರ ಕಿವಿಗೆ ಬಿದ್ದರೆ ಸಾಕು.

ಇಂತಿ,
ನಿಮ್ಮ ಒಬ್ಬ ಓದುಗ, ತುಮಕೂರು