ಅಕ್ಕನಿಗೆ, ಮತ್ತೆ ನಿಮ್ಮೆಲ್ಲರಿಗೂ

ಈ ಸೋಮವಾರದಿಂದ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಸ್ವೀಟ್ ಸಿಂಡ್ರೋಮ್ ಅನ್ನೋ ಚರ್ಮದ ಕಾಯಿಲೆಗೆ ಕೊಡುತ್ತಿದ್ದ ಸ್ಟೀರಾಯ್ಡ್ ಡೋಸ್ ಇಳಿಸುತ್ತಾ ಬಂದು ಕೊನೆಗೂ ನಿಲ್ಲಿಸಿದ್ದಾರೆ. ರಕ್ತ ತಯಾರಾಗುವ ಮೂಳೆ ಮಜ್ಜೆಯ ತೊಂದರೆ ಇದ್ದೇ ಇದೆ, ಅದು ನಿಮಗೆಲ್ಲ ಗೊತ್ತಿರೋದೇ.

ಮಂಡ್ಯದಿಂದ ಮೈಸೂರಿಗೆ ಕಾರಲ್ಲಿ ಕರೆದುಕೊಂಡು ಹೋದವರು, ರಕ್ತ ಕೊಟ್ಟ ಹುಡುಗರು, ನನ್ನ ಕ್ಲಾಸ್ ನೋಡಿಕೊಂಡ ಟೀಚರ್‌ಗಳು, ಎಲ್ಲರಿಗೂ ಥ್ಯಾಂಕ್ಸ್. ಉಳಿದ ಜಾಗವೆಲ್ಲ ನಾನು ಅಕ್ಕ ಅಂತ ಕರೆಯೋ ನನ್ನ ಓರಗಿತ್ತಿಗೆ. ಬೇಜಾರು ಮಾಡ್ಕೋಬೇಡಿ.

ನಮ್ಮಿಬ್ಬರಿಗೆ ಅಂಥ ಸಲುಗೆ ಇರಲಿಲ್ಲ. ಮನೆ ಪಾಲಾದ ಮೇಲೆ ಮಾತು ಹಬ್ಬಕ್ಕಷ್ಟೇ. ಜ್ವರ ಸುಡುತ್ತಾ, ಕುತ್ತಿಗೆ, ಕೈಯೆಲ್ಲ ಕೆಂಪಗೆ ದಪ್ಪನೆ ಉಬ್ಬಿದಾಗ ಮನೆಯವರು ಅಮ್ಮ ಆಗಿದೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮಕ್ಕಳನ್ನು ದೂರ ಕಳಿಸಿದರು. ಅವರದು ತಪ್ಪು ಅನ್ನಲ್ಲ, ನೋಡೋಕೆ ಹಾಗೇ ಇತ್ತು. ಅಕ್ಕ ಮಾತ್ರ ಬಂದು ನನ್ನ ಹಾಸಿಗೆ ಮೇಲೇ ಕೂತರು. ಆಸ್ಪತ್ರೆಗೂ ಅವರೇ ಹೊರಟರು.

ಅಲ್ಲಿ ಆಂಟಿಬಯಾಟಿಕ್ ಡ್ರಿಪ್ ಹೋಗುತ್ತಲೇ ಇತ್ತು, ಜ್ವರ ಇಳಿಯಲಿಲ್ಲ. ಸೀರೆ ಸೆರಗು ತಾಗಿದರೂ ಉರಿ. ನಡುರಾತ್ರಿ, "ಅಕ್ಕ, ಮಕ್ಕಳನ್ನು ನೋಡ್ಕೊಳ್ಳಿ" ಅಂದೆ. ಅವರು ಸಮಾಧಾನ ಹೇಳಲಿಲ್ಲ. "ಸುಮ್ನೆ ನೀರು ಕುಡಿ. ನಿನ್ನ ಮಕ್ಕಳ ಹೋಂವರ್ಕ್ ನನ್ನ ಕೈಲಾಗಲ್ಲ" ಅಂದರು. ನನಗೆ ಅಳು ಬಂತು. ಸಾಯೋಕೆ ಭಯ ಅಂತ ಜೋರಾಗಿ ಅತ್ತೆ. ಪಕ್ಕದ ಬೆಡ್ಡಿನವರು ಎದ್ದು ಕೂತರು. ಅಕ್ಕ ನನ್ನ ಪಾದ ಹಿಡಿದುಕೊಂಡೇ ಇದ್ದರು. ನೋವಿಲ್ಲದ ಜಾಗ ಅದೊಂದೇ ಆಗಿತ್ತು.

ಅದೇ ರಾತ್ರಿ ಅವರು ಒಂದು ಗಮನಿಸಿದ್ದರು. ಸೂಜಿ ಚುಚ್ಚಿದ ಕಡೆಯೆಲ್ಲ ಹೊಸ ಉಬ್ಬು ಏಳುತ್ತಿತ್ತು. ಮೊಬೈಲಲ್ಲಿ ಫೋಟೋ ತೆಗೆದು, ಬೆಳಗ್ಗೆ ಚರ್ಮದ ಡಾಕ್ಟರಿಗೆ ತೋರಿಸಿದರು. ಡಾಕ್ಟರ್ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಸ್ವೀಟ್ ಸಿಂಡ್ರೋಮ್.

ತುಂಬಾ ಜನ ಕೇಳಿದ್ದಕ್ಕೆ ಹೇಳುತ್ತೇನೆ, ಶುಗರ್‌ಗೂ ಇದಕ್ಕೂ ಸಂಬಂಧ ಇಲ್ಲ. 1964ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಡಾಕ್ಟರ್ ರಾಬರ್ಟ್ ಸ್ವೀಟ್ ಅವರ ಹೆಸರು ಅದು. ನಮ್ಮದೇ ಬಿಳಿ ರಕ್ತಕಣಗಳು ಚರ್ಮಕ್ಕೆ ನುಗ್ಗಿ ಉರಿ ಎಬ್ಬಿಸುತ್ತವೆ. ಗಂಟಲು ಸೋಂಕಿನ ಬೆನ್ನಲ್ಲೂ ಬರಬಹುದು, ನನ್ನಂಥ ರಕ್ತದ ಕಾಯಿಲೆಯವರಿಗೂ ಬರಬಹುದು. ಅಂಟುವುದಿಲ್ಲ. ಬೇರೆ ಸೋಂಕಿಲ್ಲ ಅಂತ ಖಚಿತ ಮಾಡಿಕೊಂಡೇ ಸ್ಟೀರಾಯ್ಡ್ ಶುರು ಮಾಡಿದರು. ಎರಡು ಮೂರು ದಿನದಲ್ಲಿ ಜ್ವರ ಬಿಟ್ಟಿತು.

ಮತ್ತೆ ಬರಬಹುದು ಅಂದಿದ್ದಾರೆ, ಅದಕ್ಕೇ ಅಕ್ಕ ಆ ಫೋಟೋಗಳನ್ನು ಅಳಿಸಿಲ್ಲ. ಪಾಲಿನ ಜಗಳ ಇನ್ನೂ ಬಗೆಹರಿದಿಲ್ಲ, ಅದನ್ನು ಗಂಡಸರಿಗೆ ಬಿಟ್ಟಿದ್ದೇವೆ. ನೋಡೋಕೆ ಬರಬೇಕು ಅಂದುಕೊಂಡವರು ನೆಗಡಿ, ಕೆಮ್ಮು ಇದ್ದರೆ ಸದ್ಯ ಫೋನ್ ಮಾಡಿ ಸಾಕು.