ಫ್ರೀ ಕ್ಯಾನ್ಸಲೇಶನ್ ಅಂತ ತೋರ್ಸಿ 1,540 ರೂಪಾಯಿ ಹಿಡ್ಕೊಂಡಿದ್ದರ ಬಗ್ಗೆ ದೂರು

ಗ್ರೀವೆನ್ಸ್ ಆಫೀಸರ್ ಅವರಿಗೆ,

ನಮಸ್ಕಾರ. ನಿಮ್ಮ ಆಪಲ್ಲಿ ನಾನು ಬುಕ್ ಮಾಡಿ ಕ್ಯಾನ್ಸಲ್ ಮಾಡಿದ ರೂಮಿನ ಬಗ್ಗೆ ಬರೀತಿದೀನಿ, ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದ್ದಾಯ್ತು, ಚಾಟಲ್ಲಿ ಕೇಳಿದ್ದಾಯ್ತು, "ಪಾಲಿಸಿ ಮೇಡಂ" ಅನ್ನೋದು ಬಿಟ್ರೆ ಬೇರೆ ಮಾತು ಬರ್ಲಿಲ್ಲ, ಅದಕ್ಕೆ ಎಲ್ಲಾನೂ ಬಿಡಿಸಿ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೋದರಮಾವ ಚಳ್ಳಕೆರೆ ಹತ್ರ ಒಂದು ಹಳ್ಳೀಲಿ ಇರೋದು, ಶೇಂಗಾ ಬೆಳೀತಾರೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೇಲಿ ತೋರ್ಸಿ ಆಪರೇಷನ್ ಮಾಡ್ಸೋಣ ಅಂತ ಮಾತಾಯ್ತು. ನಮ್ಮನೆ ಕಾಮಾಕ್ಷಿಪಾಳ್ಯದಲ್ಲಿ ಎರಡನೇ ಮಹಡಿ, ಕಬ್ಬಿಣದ ಮೆಟ್ಲು, ಹಿಡ್ಕೊಳ್ಳೋ ಕಂಬಿ ಒಂದೇ ಕಡೆ ಇದೆ, ಕಣ್ಣು ಮಂಜಾದವರನ್ನ ಅಲ್ಲಿ ಹತ್ತಿಸಿ ಇಳಿಸೋದು ನನಗೆ ಧೈರ್ಯ ಸಾಲ್ಲಿಲ್ಲ, ಮೇಲಾಗಿ ಬೆಳಗ್ಗೆ ಬೇಗ ಹೋಗಿ ಆಸ್ಪತ್ರೆ ಕ್ಯೂನಲ್ಲಿ ನಿಲ್ಬೇಕು. ಅದಕ್ಕೆ ಮಾರ್ಕೆಟ್ ಸುತ್ತಮುತ್ತ ಬಳೇಪೇಟೆ, ಕಾಟನ್‌ಪೇಟೆ ಕಡೆ ಎಲ್ಲಾದ್ರೂ ಕಮ್ಮಿ ರೇಟಿನ ರೂಮು, ಮಾವ, ಅತ್ತೆ, ಅವರ ಮಗ ಮೂರು ಜನಕ್ಕೆ, ಮಂಗಳವಾರ ಬುಧವಾರ ಎರಡು ರಾತ್ರಿಗೆ ಬೇಕಿತ್ತು. ದುಡ್ಡು ಮಾವಾನೇ ಮಗನ ಫೋನಿಂದ ನನಗೆ ಕಳ್ಸಿದ್ರು.

ನಾನು ಕಣ್ಣುಮುಚ್ಚಿ ಬುಕ್ ಮಾಡಿದೋಳಲ್ಲ. ಒಂದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಬಿಲ್ಲು ಲೆಕ್ಕ ಬರೆಯೋ ಕೆಲಸ ನಂದು, ಶನಿವಾರ ಸಂಜೆ ಕೂತು ಪೇಪರಲ್ಲಿ ಬರ್ಕೊಂಡು ಹೋಲಿಸಿ ನೋಡಿದೆ. ಕಾಟನ್‌ಪೇಟೇಲಿ ಒಂದು ಹಳೇ ಲಾಡ್ಜು, ಫೋನ್ ಮಾಡಿದ್ದಕ್ಕೆ ಅಲ್ಲಿನ ಮ್ಯಾನೇಜರು ಟ್ಯಾಕ್ಸ್ ಸೇರಿ ದಿನಕ್ಕೆ 1,100, ಎಕ್ಸ್‌ಟ್ರಾ ಬೆಡ್‌ಗೆ 200, ಬರೋದಿಲ್ಲ ಅಂದ್ರೆ ಹಿಂದಿನ ದಿನ ರಾತ್ರಿ ಒಂದು ಫೋನ್ ಮಾಡಿ ಸಾಕಮ್ಮ ಅಂದ್ರು. ಅಂದ್ರೆ ಎರಡು ದಿನಕ್ಕೆ 2,600. ನಿಮ್ಮ ಆಪಲ್ಲಿ ಅದೇ ಏರಿಯಾದ ಹೋಟೆಲು 849 ರೂಪಾಯಿ ಅಂತ ದೊಡ್ಡ ಅಕ್ಷರದಲ್ಲಿ, ಅದ್ರ ಕೆಳಗೆ ಹಸಿರು ಬಣ್ಣದಲ್ಲಿ ಫ್ರೀ ಕ್ಯಾನ್ಸಲೇಶನ್ ಅಂತ. ಫೋಟೋನೂ ಚೆನ್ನಾಗಿತ್ತು, ಲಿಫ್ಟ್ ಇದೆ ಅಂತ ಬರೆದಿತ್ತು, ನನಗೆ ಆ ಲಿಫ್ಟೇ ಮುಖ್ಯ ಆಗಿದ್ದು. ಜೊತೆಗೆ ಇದೊಂದೇ ರೂಮ್ ಬಾಕಿ, 14 ಜನ ನೋಡ್ತಿದಾರೆ ಅಂತ ಕೆಂಪಕ್ಷರ ಬೇರೆ. ಅವಸರಕ್ಕೆ ಬಿದ್ದೆ. (ಸೋಮವಾರ ರಾತ್ರಿ ಸುಮ್ನೆ ನೋಡಿದಾಗ್ಲೂ ಅದೇ ಹೋಟೆಲಲ್ಲಿ ಅದೇ ಒಂದು ರೂಮ್ ಬಾಕಿ ಇತ್ತು.)

ಆಮೇಲೆ ಒಂದೊಂದೇ ಸೇರ್ಕೊಂತಾ ಬಂತು. 849 ಎರಡು ರಾತ್ರಿಗೆ 1,698. ಮೂರನೇವರಿಗೆ ರಾತ್ರಿಗೆ 300ರಂತೆ 600. ಡಿಮ್ಯಾಂಡ್ ಸರ್ಚಾರ್ಜ್ ಅಂತ ರಾತ್ರಿಗೆ 120ರಂತೆ 240, ಹಬ್ಬ ಇಲ್ಲ ವಾರದ ಕೊನೆ ಅಲ್ಲ ಮಂಗಳವಾರ ಯಾವ ಡಿಮ್ಯಾಂಡು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಅಲ್ಲಿಗೆ 2,538. ಅದಕ್ಕೆ 5% ಜಿಎಸ್‌ಟಿ 126.90, ಅದು ಸರಿಯಾಗೇ ಇದೆ, 2025ರ ಸೆಪ್ಟೆಂಬರ್ 22ರಿಂದ 7,500ರ ತನಕದ ರೂಮಿಗೆ 12% ಇದ್ದಿದ್ದು 5% ಆಗಿದೆ, ಅದ್ರ ಬಗ್ಗೆ ನನ್ನ ತಕರಾರಿಲ್ಲ. ಕನ್ವೀನಿಯನ್ಸ್ ಫೀ 149. ಕೊನೇಗೆ ಟ್ರಿಪ್ ಪ್ರೊಟೆಕ್ಷನ್ (ಹೋಗೋಕಾಗ್ದಿದ್ರೆ ದುಡ್ಡು ಕೊಡೋ ವಿಮೆ ಥರದ್ದು) ಅಂತ 59, ಅದಕ್ಕೆ ಟಿಕ್ ಮಾರ್ಕ್ ನಾನು ಹಾಕಿಲ್ಲ, ಮೊದಲೇ ಹಾಕಿತ್ತು, ನೋಡ್ದೆ ಇದ್ದಿದ್ದು ನನ್ನ ತಪ್ಪೇ ಇರ್ಬೋದು, ಆದ್ರೆ ಹಾಕಿದ್ದು ನೀವು. ಒಟ್ಟು 2,872.90. ಕಮ್ಮಿ ಅಂತ ಆರಿಸ್ಕೊಂಡ ಹೋಟೆಲ್ಲು ಲಾಡ್ಜಿಗಿಂತ 273 ರೂಪಾಯಿ ಜಾಸ್ತಿ ಆಯ್ತು, ಆಗ್ಲೂ ಲಿಫ್ಟ್ ಇದೆಯಲ್ಲ, ಫ್ರೀ ಕ್ಯಾನ್ಸಲೇಶನ್ ಇದೆಯಲ್ಲ, ಇರ್ಲಿ ಅಂತ ಕಟ್ಟಿದೆ.

ಸೋಮವಾರ ಬೆಳಗ್ಗೆ ಮಾವ ಊರಲ್ಲಿ ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ಬಂದಿದ್ರು, ಶುಗರ್ 260 ಬಂತು, ಇಷ್ಟು ಶುಗರ್ ಇಟ್ಕೊಂಡು ಕಣ್ಣಿನ ಆಪರೇಷನ್‌ಗೆ ಹೋಗ್ಬೇಡಿ, ಮೊದ್ಲು ಇಳಿಸ್ಕೊಳ್ಳಿ ಅಂದ್ರು ಅಲ್ಲಿನ ಡಾಕ್ಟ್ರು. ನನಗೆ ಫೋನ್ ಬಂದಿದ್ದು 10:25ಕ್ಕೆ, ನಾನು ಕ್ಯಾನ್ಸಲ್ ಒತ್ತಿದ್ದು 10:40ಕ್ಕೆ, ಸ್ಕ್ರೀನ್‌ಶಾಟ್ ಇದೆ. ಚೆಕ್-ಇನ್ ಮಂಗಳವಾರ ಮಧ್ಯಾಹ್ನ 12ಕ್ಕೆ. ನಿಮ್ಮ ಪೇಜಲ್ಲಿ ಬರೆದಿದ್ದು "ಚೆಕ್-ಇನ್‌ಗೆ 24 ಗಂಟೆ ಮುಂಚೆ ತನಕ ಫ್ರೀ ಕ್ಯಾನ್ಸಲೇಶನ್". ನೀವೇ ಎಣಿಸಿ, 25 ಗಂಟೆ 20 ನಿಮಿಷ ಮುಂಚೆ ಮಾಡಿದೀನಿ.

ಆದ್ರೆ ವಾಪಸ್ ಬಂದಿದ್ದು 1,332.45. ಒಂದು ರಾತ್ರಿ ಪೂರ್ತಿ ರೇಟು, ಅಂದ್ರೆ 849ರ ಜೊತೆ ಬರದೇ ಇರೋ ಮೂರನೇವರ 300, ಸರ್ಚಾರ್ಜು 120, ಅದ್ರ ಮೇಲೆ ಜಿಎಸ್‌ಟಿ, ಎಲ್ಲಾ ಸೇರಿ 1,332.45 ಮುರ್ಕೊಂಡ್ರಿ, ಕನ್ವೀನಿಯನ್ಸ್ ಫೀ ಪ್ರೊಟೆಕ್ಷನ್ ಸೇರಿ 208 ಹೋಯ್ತು, ಒಟ್ಟು 1,540.45. ಯಾಕೆ ಅಂತ ಕೇಳಿದ್ದಕ್ಕೆ ನಿಮ್ಮವರು ನಿಯಮದ ಪೇಜಿನ ಕೊನೇಲಿ ಇರೋ ಒಂದು ಸಾಲು ತೋರ್ಸಿದ್ರು, 24 ಗಂಟೆ ಅನ್ನೋದು ಚೆಕ್-ಇನ್ ದಿನ ಶುರುವಾಗೋ ಮಧ್ಯರಾತ್ರಿ 00:00ಯಿಂದ ಹಿಂದಕ್ಕೆ ಲೆಕ್ಕ ಅಂತೆ. ಹಂಗಂದ್ರೆ ನಾನು ಭಾನುವಾರ ರಾತ್ರಿ 12ರೊಳಗೆ ಕ್ಯಾನ್ಸಲ್ ಮಾಡ್ಬೇಕಿತ್ತು, ಮಾವನ ರಕ್ತ ಪರೀಕ್ಷೆ ಆಗೋಕ್ಕೆ ಮುಂಚೇನೇ.

ನನ್ನ ದೂರಿನ ತಿರುಳು ಇದೇ. ಚೆಕ್-ಇನ್ 12 ಗಂಟೆಗೆ ಅಂತ ಒಂದು ಕಡೆ ಬರೆದು, ಚೆಕ್-ಇನ್‌ಗೆ 24 ಗಂಟೆ ಮುಂಚೆ ಅಂತ ಅದ್ರ ಕೆಳಗೇ ಬರೆದು, ಲೆಕ್ಕ ಮಾತ್ರ ಮಧ್ಯರಾತ್ರಿಯಿಂದ ಹಾಕೋದು ಯಾವ ನ್ಯಾಯ? ಓದೋಕೆ ಬರೋ, ಲೆಕ್ಕ ಮಾಡೋಕೆ ಬರೋ ನನಗೇ ಹಿಂಗಾದ್ರೆ ಊರಿಂದ ಬರೋರ ಗತಿ ಏನು. ಭಾನುವಾರ ರಾತ್ರಿ 12ರ ತನಕ ಫ್ರೀ ಅಂತ ತಾರೀಖು ಗಂಟೆ ಹಾಕಿ ಬರೆದಿದ್ರೆ ನಾನು ಬುಕ್ಕೇ ಮಾಡ್ತಿರ್ಲಿಲ್ಲ, ಲಾಡ್ಜಿಗೇ ಹೇಳ್ತಿದ್ದೆ.

ಹೋಟೆಲ್‌ಗೆ ನಷ್ಟ ಆಗುತ್ತಲ್ಲ ಅಂತ ನಿಮ್ಮ ಎರಡನೇ ಫೋನಿನವರು ಹೇಳಿದ್ರು. ನಾನು ಸಂಜೆ ಆಫೀಸ್ ಬಿಟ್ಮೇಲೆ ನಡ್ಕೊಂಡೇ ಆ ಹೋಟೆಲಿಗೆ ಹೋಗಿ ರಿಸೆಪ್ಷನ್‌ನಲ್ಲಿದ್ದ ಹುಡುಗನ್ನ ಕೇಳಿದೆ. "ನಮಗೆ ಬೆಳಗ್ಗೇನೇ ಕ್ಯಾನ್ಸಲ್ ಅಂತ ಬಂತು ಅಕ್ಕ, ಆ ರೂಮು ನಾಳೆಗೆ ಬೇರೆಯವರಿಗೆ ಬುಕ್ ಆಗಿದೆ, ನಿಮ್ ದುಡ್ಡು ನಮ್ಮ ಹತ್ರ ಬಂದಿಲ್ಲ" ಅಂದ. ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಅವನನ್ನ ಇದಕ್ಕೆ ಎಳೀಬೇಡಿ. ಆದ್ರೆ ಯಾರಿಗೂ ಆಗದ ನಷ್ಟಕ್ಕೆ 1,332 ರೂಪಾಯಿ ಯಾರ ಜೇಬಿಗೆ ಹೋಯ್ತು ಅನ್ನೋದಕ್ಕೆ ನನಗೆ ಬರವಣಿಗೇಲಿ ಉತ್ತರ ಬೇಕು.

ಇನ್ನೊಂದು. ಹೋದ ವರ್ಷ ದಸರಾ ಟೈಮಲ್ಲಿ ಮೈಸೂರಲ್ಲಿ ನಿಮ್ಮ ಆಪಲ್ಲೇ ಬುಕ್ ಮಾಡಿದ್ದೆ, ಮಗು ಎತ್ಕೊಂಡು ಬಾಗಿಲ ತನಕ ಹೋದ್ಮೇಲೆ ರೂಮ್ ಇಲ್ಲ ಅಂದ್ರು, ನೀವೇ ಕ್ಯಾನ್ಸಲ್ ಮಾಡಿದ್ರಿ. ಆಗ ನನಗೆ ನಾನು ಕಟ್ಟಿದ್ದಷ್ಟೇ ವಾಪಸ್ ಬಂತು, ಒಂದು ರಾತ್ರಿ ರೇಟು ದಂಡ ಅಂತ ನೀವು ಕೊಡ್ಲಿಲ್ಲ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020 ಅಂತ ಇದೆ, ಅದರ 4ನೇ ನಿಯಮದಲ್ಲಿ, ಕಂಪನಿ ತಾನಾಗೇ ಕ್ಯಾನ್ಸಲ್ ಮಾಡಿದಾಗ ಅದೇ ಥರದ ಚಾರ್ಜು ತಾನೂ ಹೊರದೇ ಇದ್ರೆ ಗ್ರಾಹಕರ ಮೇಲೆ ಕ್ಯಾನ್ಸಲೇಶನ್ ಚಾರ್ಜ್ ಹಾಕೋ ಹಾಗಿಲ್ಲ ಅಂತ ಇದೆ. ಟಿಕ್ ಮಾರ್ಕ್ ಮೊದಲೇ ಹಾಕಿಟ್ಟು ಒಪ್ಪಿಗೆ ತಗೊಳ್ಳೋ ಹಾಗಿಲ್ಲ ಅಂತನೂ ಅದ್ರಲ್ಲೇ ಇದೆ. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ (ಆಪು, ವೆಬ್‌ಸೈಟಲ್ಲಿ ಗ್ರಾಹಕರನ್ನ ದಾರಿ ತಪ್ಸೋ ತಂತ್ರ) ಮಾರ್ಗಸೂಚೀಲಿ 13 ಥರದ ಮೋಸ ಪಟ್ಟಿ ಮಾಡಿದಾರೆ, ಮೊದ್ಲು ಕಮ್ಮಿ ಬೆಲೆ ತೋರ್ಸಿ ಆಮೇಲೆ ಹನಿ ಹನಿ ಸೇರ್ಸೋದು, ಕೇಳದೇ ಇದ್ದಿದ್ದನ್ನ ಬುಟ್ಟಿಗೆ ಹಾಕೋದು, ಸುಳ್ಳು ಅವಸರ ಹುಟ್ಸೋದು, ಮೂರೂ ಅದ್ರಲ್ಲಿವೆ, ಮೂರೂ ನನ್ನ ಈ ಒಂದೇ ಬುಕಿಂಗಲ್ಲಿ ಆಗಿದೆ.

ಆ 59 ರೂಪಾಯಿ ಪ್ರೊಟೆಕ್ಷನ್ ಬಗ್ಗೆಯೂ ಕೇಳಿದೆ. ಆಸ್ಪತ್ರೇಲಿ ಅಡ್ಮಿಟ್ ಆಗಿದ್ರೆ ಮಾತ್ರ ದುಡ್ಡು ಕೊಡೋದಂತೆ, ಲ್ಯಾಬ್ ರಿಪೋರ್ಟ್ ನಡೆಯಲ್ಲ ಅಂತೆ. ಇದನ್ನ ದುಡ್ಡು ತಗೊಳ್ಳೋ ಮುಂಚೆ ಹೇಳ್ಬೇಕಿತ್ತು.

ಬಂದ ಅರ್ಧ ದುಡ್ಡಾದ್ರೂ ಬ್ಯಾಂಕಿಗೆ ಬಂತಾ, ಅದೂ ಇಲ್ಲ. ನಿಮ್ಮ ವ್ಯಾಲೆಟ್ಟಿಗೆ ಹಾಕಿ 90 ದಿನದಲ್ಲಿ ಮುಗಿಯುತ್ತೆ ಅಂತ ಮೆಸೇಜ್ ಕಳ್ಸಿದೀರಿ. ನಾನು ಕಟ್ಟಿದ್ದು ಯುಪಿಐಲಿ, ದುಡ್ಡು ಮಾವಂದು, ನಿಮ್ಮ ವ್ಯಾಲೆಟ್ಟಲ್ಲಿರೋದನ್ನ ನಾನು ಚಳ್ಳಕೆರೆಗೆ ಹೆಂಗೆ ಕಳ್ಸ್ಲಿ? ಮಾವ ಎರಡು ಸಲ ಕೇಳಿದ್ರು, ದುಡ್ಡು ವಾಪಸ್ ಬಂತೇನಮ್ಮ ಅಂತ, ಪೂರ್ತಿ ಬಂತು ಮಾವ ಅಂತ ಸುಳ್ಳು ಹೇಳಿ ನನ್ನ ಸಂಬಳದಿಂದ 2,873 ಹಾಕಿದೀನಿ. ಅವರಿಗೆ ಬೆಂಗಳೂರಿಗೆ ಬರೋದಂದ್ರೇ ಖರ್ಚಿನ ಹೆದರಿಕೆ, ಇದೊಂದು ಗೊತ್ತಾದ್ರೆ ಆಪರೇಷನ್ನೇ ಬೇಡ ಅಂತಿದ್ರು.

ಬೆಂಗಳೂರಲ್ಲಿ ಸಾವಿರ ರೂಪಾಯಿ ಒಳಗಿನ ರೂಮ್ ಹುಡುಕೋರು ಟೂರಿಗೆ ಬಂದೋರಷ್ಟೇ ಅಲ್ಲ. ಆಸ್ಪತ್ರೆಗೆ, ಪರೀಕ್ಷೆಗೆ, ಕೋರ್ಟಿಗೆ, ಇಂಟರ್ವ್ಯೂಗೆ ಬರೋರು ಎಷ್ಟೋ ಜನ. ಇವರ ತಾರೀಖು ಇವರ ಕೈಲಿರಲ್ಲ, ಡಾಕ್ಟ್ರು ಮುಂದಿನ ವಾರ ಬಾ ಅಂದ್ರೆ ಹೋಗ್ಲೇಬೇಕು, ವಾಯಿದೆ ಮುಂದಕ್ಕೆ ಹೋದ್ರೆ ಹೋಗ್ಲೇಬೇಕು. ಇಂಥವರಿಗೆ ರೇಟಿಗಿಂತ ಕ್ಯಾನ್ಸಲೇಶನ್ ನಿಯಮ ಸ್ಪಷ್ಟವಾಗಿ ಕಾಣ್ಬೇಕು.

ನಾನು ಕೇಳೋದು ಇಷ್ಟು. ಹಿಡ್ಕೊಂಡ 1,540.45 ಮತ್ತೆ ವ್ಯಾಲೆಟ್ಟಲ್ಲಿರೋ 1,332.45 ಎರಡೂ ನಾನು ಕಟ್ಟಿದ ಯುಪಿಐ ಖಾತೆಗೇ ವಾಪಸ್ ಬರ್ಬೇಕು. ಫ್ರೀ ಕ್ಯಾನ್ಸಲೇಶನ್ ಅಂತ ಹಾಕೋ ಜಾಗದಲ್ಲೇ ಯಾವ ತಾರೀಖು ಎಷ್ಟು ಗಂಟೆ ತನಕ, ಆಮೇಲೆ ಮಾಡಿದ್ರೆ ಎಷ್ಟು ರೂಪಾಯಿ ಹೋಗುತ್ತೆ ಅಂತ ಬರೀಬೇಕು, ಕನ್ನಡದಲ್ಲೂ ಬರೀಬೇಕು, ಯಾಕಂದ್ರೆ ಕನ್ನಡಕ್ಕೆ 2 ಒತ್ತಿ ಅಂತ ಹೇಳಿ ಒತ್ತಿದ್ಮೇಲೆ ಹಿಂದೀಲಿ ಮಾತಾಡಿದ್ದು ನನಗೆ ಮೂರೂ ಸಲ ಆಗಿದೆ. ಸರ್ಚಾರ್ಜು, ಮೂರನೇವರ ಚಾರ್ಜು ಮೊದಲ ಪೇಜಲ್ಲೇ ಸೇರ್ಸಿ ತೋರ್ಸಿ, ಆಗ ಜನ ಸರಿಯಾಗಿ ಹೋಲಿಸ್ಕೊಂಡು ತಗೊಂತಾರೆ.

ಅದೇ 2020ರ ನಿಯಮದ ಪ್ರಕಾರ ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ನೀವು ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಈ 48 ಗಂಟೆ ನಿಮಗೆ ಈ ಪತ್ರ ಸಿಕ್ಕ ನಿಮಿಷದಿಂದ ಅಂತ ನಾನು ಲೆಕ್ಕ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ, 5 ಲಕ್ಷದ ತನಕದ ಕೇಸಿಗೆ ಅಲ್ಲಿ ಫೀಸಿಲ್ಲ, ಲಾಯರ್ ಇಲ್ದೇನೂ ನಾನೇ ವಾದ ಮಾಡ್ಬೋದು.

ಬುಕ್ ಮಾಡಿದಾಗಿನ ಪೇಜು, ಕ್ಯಾನ್ಸಲ್ ಮಾಡಿದ ಟೈಮು, ರೀಫಂಡ್ ಮೆಸೇಜು, ಮಾವನ ಲ್ಯಾಬ್ ರಿಪೋರ್ಟು ಜೊತೆಗಿಟ್ಟಿದೀನಿ. ಮಾವನ ಶುಗರ್ ಈಗ ಇಳೀತಿದೆ, ಮುಂದಿನ ತಿಂಗಳು ಬರ್ತಾರೆ, ಕಾಟನ್‌ಪೇಟೆ ಲಾಡ್ಜಿನವರಿಗೆ ಫೋನಲ್ಲೇ ಹೇಳಿಟ್ಟಿದೀನಿ, ನೆಲಮಹಡೀಲೇ ರೂಮ್ ಕೊಡ್ತೀವಿ ಅಂದಿದಾರೆ.

ಇಂತಿ,
ನಿಮ್ಮ ಗ್ರಾಹಕಿ,
ಕಾಮಾಕ್ಷಿಪಾಳ್ಯ, ಬೆಂಗಳೂರು